ಆರೋಗ್ಯ ಖರ್ಚಿನ ಲೆಕ್ಕ: ಶೇ. 39.4 ಅಂದರೆ ಯಾವುದರಲ್ಲಿ 39.4?

ದೇಶದ ಆರೋಗ್ಯಕ್ಕೆ ಯಾರು ಎಷ್ಟು ಖರ್ಚು ಮಾಡಿದರು ಅಂತ ಹೇಳುವ ರಾಷ್ಟ್ರೀಯ ಆರೋಗ್ಯ ಲೆಕ್ಕ, ಅಂದರೆ ಎನ್‌ಎಚ್‌ಎ ವರದಿಯನ್ನು ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ದೆಹಲಿಯ ಎನ್‌ಎಚ್‌ಎಸ್‌ಆರ್‌ಸಿ (ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರ) ಇದನ್ನು ತಯಾರಿಸುತ್ತದೆ, ಖರ್ಚನ್ನು ವಿಂಗಡಿಸುವುದು ಎಸ್‌ಎಚ್‌ಎ 2011 ಅನ್ನುವ ಅಂತರರಾಷ್ಟ್ರೀಯ ಚೌಕಟ್ಟಿನ ಪ್ರಕಾರ. ಇದಿಷ್ಟು ಎಲ್ಲ ನೋಟ್ಸಲ್ಲೂ ಸಿಗುತ್ತದೆ.

ಎಲ್ಲರೂ ಬಾಯಿಪಾಠ ಮಾಡುವ ಸಾಲು ಇದು: ಜನ ಜೇಬಿನಿಂದ ನೇರವಾಗಿ ಕೊಡುವ ಖರ್ಚು 2014-15ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ. 62.6 ಇತ್ತು, 2021-22ಕ್ಕೆ ಶೇ. 39.4 ಆಯಿತು. ಅಂಕಿ ಸರಿಯಾಗಿದೆ. ಓದಿದ ತಕ್ಷಣ "ಜನ ಕೊಡುವ ದುಡ್ಡು ಕಡಿಮೆಯಾಯಿತು" ಅನ್ನಿಸುತ್ತದೆ, ಅಲ್ವಾ? ಈಗ ಪಕ್ಕದ ರೂಪಾಯಿ ಕಾಲಂ ನೋಡಿ. 2014-15ರಲ್ಲಿ 3,02,425 ಕೋಟಿ, 2021-22ರಲ್ಲಿ 3,56,254 ಕೋಟಿ. ತಲಾ ಲೆಕ್ಕದಲ್ಲಿ 2,394 ರೂಪಾಯಿ ಇದ್ದದ್ದು 2,600. ಜಾಸ್ತಿಯೇ ಆಗಿದೆ!

ಇಲ್ಲಿ ಸ್ವಲ್ಪ ನಿಲ್ಲಿ. ಶೇಕಡಾ ಇಳಿಯಬೇಕಾದರೆ ಮೇಲಿನ ಸಂಖ್ಯೆ ಇಳಿಯಲೇಬೇಕು ಅಂತೇನಿಲ್ಲ, ಕೆಳಗಿನದು ಅದಕ್ಕಿಂತ ಜೋರಾಗಿ ಬೆಳೆದರೂ ಸಾಕು. ಒಟ್ಟು ವೆಚ್ಚ 4,83,259 ಕೋಟಿಯಿಂದ 9,04,461 ಕೋಟಿಗೆ ಹೋಗಿದೆ, ಅಂದರೆ ಸುಮಾರು ಶೇ. 87 ಏರಿಕೆ. ಜೇಬಿನ ಖರ್ಚು ಏರಿದ್ದು ಶೇ. 18 ಮಾತ್ರ. ಒಟ್ಟು ಮೊತ್ತವನ್ನು ಹೀಗೆ ಉಬ್ಬಿಸಿದ್ದು ಮುಖ್ಯವಾಗಿ ಸರ್ಕಾರದ ಪಾಲು: 1,39,949 ಕೋಟಿಯಿಂದ 4,34,163 ಕೋಟಿ, ಮೂರು ಪಟ್ಟಿಗೂ ಮೇಲೆ.

ಹಾಗಂತ "ಇಳಿಕೆ ಸುಳ್ಳು" ಅಂತ ಉತ್ತರ ಬರೆದು ಬರಬೇಡಿ. 2,394ರಿಂದ 2,600 ಅಂದರೆ ಏಳು ವರ್ಷಕ್ಕೆ ಶೇ. 9ಕ್ಕಿಂತ ಕಡಿಮೆ ಏರಿಕೆ. ಅಷ್ಟು ಹೊತ್ತಿಗೆ ಬೆಲೆಗಳು ಅದಕ್ಕಿಂತ ಎಷ್ಟೋ ಜಾಸ್ತಿ ಏರಿದ್ದವು. ಹಾಗಾಗಿ ಪಾಲು ಇಳಿದಿದೆ, ರೂಪಾಯಿ ಏರಿದೆ, ಬೆಲೆ ಏರಿಕೆ ಕಳೆದರೆ ಮತ್ತೆ ಇಳಿದಿದೆ. ಮೂರೂ ನಿಜ, ಯಾರು ಯಾವುದನ್ನು ಎತ್ತಿ ಹೇಳುತ್ತಾರೆ ಅನ್ನೋದು ಅವರವರ ಪಕ್ಷ.

ಎರಡನೇ ಗಂಟು. ಒಟ್ಟು ವೆಚ್ಚದಲ್ಲಿ ಚಾಲ್ತಿ ವೆಚ್ಚದ (ಚಿಕಿತ್ಸೆ, ಔಷಧಿಯಂಥ ಆಯಾ ವರ್ಷದ ಖರ್ಚು) ಜೊತೆ ಬಂಡವಾಳ ವೆಚ್ಚವೂ ಸೇರಿದೆ, ಅಂದರೆ ಕಟ್ಟಡ, ಯಂತ್ರ ಇತ್ಯಾದಿ. 2014-15ರಲ್ಲಿ ಬಂಡವಾಳದ ಪಾಲು ಶೇ. 6.6 ಇತ್ತು, 2021-22ರಲ್ಲಿ ಶೇ. 12.7. ಹೊಸ ಕಟ್ಟಡ ಎದ್ದರೆ ರೋಗಿಯ ಬಿಲ್ ಒಂದು ರೂಪಾಯಿ ಇಳಿಯದಿದ್ದರೂ ಅವನ ಪಾಲು ಕಾಗದದ ಮೇಲೆ ಇಳಿಯುತ್ತದೆ! ವಿಶ್ವ ಆರೋಗ್ಯ ಸಂಸ್ಥೆ ಚಾಲ್ತಿ ವೆಚ್ಚದಿಂದ ಮಾತ್ರ ಭಾಗಿಸುತ್ತದೆ. ಅವರ ಅಂಕಿ ನಮ್ಮದಕ್ಕಿಂತ ಜಾಸ್ತಿ ಕಾಣಲು ಇದೊಂದು ಕಾರಣ. ನನ್ನ ಶಾರ್ಟ್‌ಕಟ್: ಕೊಟ್ಟಿರುವ ಶೇಕಡಾವನ್ನು ಚಾಲ್ತಿ ವೆಚ್ಚದ ಪಾಲಿನಿಂದ ಭಾಗಿಸಿ. 62.6 ಭಾಗಿಸು 0.934, ಸುಮಾರು 67. 39.4 ಭಾಗಿಸು 0.873, ಸುಮಾರು 45. ಈಗಲೂ ಇಳಿಕೆ ದೊಡ್ಡದೇ, ಆದರೆ "ಶೇ. 40ಕ್ಕಿಂತ ಕೆಳಗೆ" ಅನ್ನೋ ಮಾತು ನಿಲ್ಲುವುದಿಲ್ಲ.

ಯಾರು ಕೊಟ್ಟರು, ಯಾರು ಚಿಕಿತ್ಸೆ ಮಾಡಿದರು ಅನ್ನೋದಕ್ಕೆ ಬೇರೆ ಬೇರೆ ಕೋಷ್ಟಕ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಹೋದ ಹಣ ಒಂದು ಕೋಷ್ಟಕದಲ್ಲಿ ಸರ್ಕಾರದ್ದು, ಇನ್ನೊಂದರಲ್ಲಿ ಖಾಸಗಿ ಆಸ್ಪತ್ರೆಯದು. ಎರಡನ್ನೂ ಕೂಡಿಸಬೇಡಿ. ಆಸ್ಪತ್ರೆ ಅಂದರೇ ಪೂರ್ತಿ ಖರ್ಚು ಅಂತಲೂ ಅಲ್ಲ: 2014-15ರ ಚಾಲ್ತಿ ವೆಚ್ಚದಲ್ಲಿ ಖಾಸಗಿ ಆಸ್ಪತ್ರೆಗಳದ್ದು ಸುಮಾರು ಶೇ. 26, ಸರ್ಕಾರಿ ಆಸ್ಪತ್ರೆಗಳದ್ದು ಶೇ. 14, ಮೆಡಿಕಲ್ ಶಾಪ್‌ಗಳದ್ದು ಶೇ. 29. ಇನ್ನು ನೀವು ಕಟ್ಟುವ ವಿಮೆ ಕಂತು ಜೇಬಿನ ಖರ್ಚಿನಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಸಾಲು.

ಕೊನೆಗೆ, ಈ ಜೇಬಿನ ಖರ್ಚು ಗೊತ್ತಾಗುವುದು ಹೇಗೆ? ಯಾರೂ ಬಿಲ್ ಒಟ್ಟು ಮಾಡುವುದಿಲ್ಲ. ಎನ್‌ಎಸ್‌ಎಸ್, ಅಂದರೆ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಮನೆಮನೆಗೆ ಹೋಗಿ ಸುತ್ತು ಸುತ್ತಾಗಿ ಕೇಳುವುದೇ ಮುಖ್ಯ ಆಧಾರ. 2014-15ರ ಅಂಕಿಗೆ 2014ರ 71ನೇ ಸುತ್ತು, 2021-22ರ ಅಂಕಿಗೆ 2017-18ರ 75ನೇ ಸುತ್ತು. ಕೋವಿಡ್ ವರ್ಷದ ಮನೆಖರ್ಚನ್ನು ಕೋವಿಡ್‌ಗೆ ಮುಂಚಿನ ಸಮೀಕ್ಷೆಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದ್ದಾರೆ. ಎರಡು ಸುತ್ತಿನ ನಡುವೆ ಅಂಕಿ ಎಷ್ಟು ಬದಲಾಗಿದೆ ನೋಡಿ: ಹೆರಿಗೆ ಬಿಟ್ಟು ಒಮ್ಮೆ ದಾಖಲಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಸರಾಸರಿ ಖರ್ಚು 71ನೇ ಸುತ್ತಿನಲ್ಲಿ 6,120 ರೂಪಾಯಿ ಇತ್ತು, 75ರಲ್ಲಿ 4,452. ಖಾಸಗಿಯಲ್ಲಿ 25,850 ಇದ್ದದ್ದು 31,845. 75ನೇ ಸುತ್ತಿನಲ್ಲಿ ಏನಾದರೂ ಹೆಚ್ಚುಕಡಿಮೆ ಇದ್ದರೆ ಅದು ಆ ಸುತ್ತನ್ನು ಆಧರಿಸಿದ ಪ್ರತಿ ವರ್ಷದ ವರದಿಗೂ ಹಾಗೇ ಸಾಗಿಬರುತ್ತದೆ.