ಗ್ರಾಮ ಪಂಚಾಯಿತಿಯ ಆಯವ್ಯಯ: ಹಣ ಬರುವ ದಾರಿ, ಅದರ ಹಿಂದಿನ ಕಥೆ

ಮನೆ ಕಂದಾಯ ಕಟ್ಟಿದಾಗ ಗ್ರಾಮ ಪಂಚಾಯಿತಿಯವರು ಕೊಡುವ ರಸೀದಿಯನ್ನು ಬಹುತೇಕ ಮಂದಿ ಮಡಿಸಿ ಬೀರುವಿನಲ್ಲಿಡುತ್ತಾರೆಯೇ ಹೊರತು ಓದುವುದಿಲ್ಲ. ಕಂದಾಯದ ಮೊತ್ತದ ಜೊತೆಗೆ ಅದರಲ್ಲಿ ನಾಲ್ಕು ಉಪಕರಗಳೂ ಸೇರಿರುತ್ತವೆ: ಆರೋಗ್ಯಕ್ಕೆ ಶೇ. 15, ಶಿಕ್ಷಣಕ್ಕೆ ಶೇ. 10, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಹಾಗಾಗಿ 1,000 ರೂಪಾಯಿ ಕಂದಾಯವಿರುವ ಮನೆಯವರು ಕಟ್ಟುವುದು 1,340 ರೂಪಾಯಿ. ಮೇಲಿನ 340 ರೂಪಾಯಿಯನ್ನು ಪಂಚಾಯಿತಿ ವಸೂಲಿ ಮಾಡುತ್ತದೆ, ವಸೂಲಿ ಖರ್ಚನ್ನು ಮುರಿದುಕೊಂಡು ಉಳಿದದ್ದನ್ನು ಆಯಾ ಇಲಾಖೆಗೆ ಒಪ್ಪಿಸಬೇಕಾಗುತ್ತದೆ. ಪೆಟ್ಟಿಗೆಗೆ ಬಿದ್ದ ಹಣದಲ್ಲಿ ಊರಿನವರು ತಾವೇ ಕೂತು ತೀರ್ಮಾನಿಸಿ ಖರ್ಚು ಮಾಡಬಹುದಾದದ್ದು ಎಷ್ಟು ಎಂಬುದೇ ಪಂಚಾಯಿತಿ ಆಯವ್ಯಯದ ಮೂಲ ಪ್ರಶ್ನೆ. ನಲವತ್ತು ವರ್ಷಗಳಿಂದ ಕರ್ನಾಟಕದಲ್ಲಿ ನಡೆದಿರುವ ಹಗ್ಗಜಗ್ಗಾಟವೂ ಇದರ ಸುತ್ತಲೇ.

ಸ್ಥಳೀಯ ಮಂಡಳಿಗಳಿಗೆ ತಮ್ಮದೇ ಆದಾಯ ಮೂಲವಿರಬೇಕೆಂಬ ಮಾತು ಬ್ರಿಟಿಷ್ ವೈಸರಾಯ್ ಲಾರ್ಡ್ ರಿಪ್ಪನ್‌ನ 1882ರ ನಿರ್ಣಯದಷ್ಟು ಹಳೆಯದು. 1959ರ ಮೈಸೂರು ಕಾಯ್ದೆ ಗ್ರಾಮ ಪಂಚಾಯಿತಿಗಳನ್ನೂ ತಾಲ್ಲೂಕು ಬೋರ್ಡುಗಳನ್ನೂ ಕೊಟ್ಟಿತಾದರೂ, ಅಭಿವೃದ್ಧಿ ಹಣದ ಬೀಗದ ಕೈ ಇಲಾಖೆಗಳ ಬಳಿಯೇ ಉಳಿಯಿತು.

ನಿಜವಾದ ತಿರುವು ಬಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಹಳ್ಳಿಗಳ ಗುಂಪಿಗೊಂದರಂತೆ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರನ್ನು ಜನ ನೀರಿಗಾಗಿ ನೆನೆಯುತ್ತಾರೆ. ಅವರು ಹಣಕಾಸಿನಲ್ಲಿ ಮಾಡಿದ ಕೆಲಸ ಅದಕ್ಕಿಂತ ಕಡಿಮೆಯದಲ್ಲ ಎಂದೇ ನನ್ನ ಎಣಿಕೆ. ರಾಜ್ಯದ ಬಜೆಟ್ಟು ರಾಜ್ಯ ವಲಯ, ಜಿಲ್ಲಾ ವಲಯ ಎಂದು ಎರಡಾಯಿತು. ಯಾವ ಜಿಲ್ಲೆಗೆ ಯಾವ ಬಾಬಿನಲ್ಲಿ ಎಷ್ಟು ಎಂಬುದನ್ನು ತೋರಿಸುವ, ‘ಲಿಂಕ್ ಡಾಕ್ಯುಮೆಂಟ್’ ಎಂದು ಕಚೇರಿಗಳಲ್ಲಿ ಇಂದಿಗೂ ಕರೆಯುವ ಪುಸ್ತಕ ಈ ವಿಂಗಡಣೆಯ ಫಲ. ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯ ಹುದ್ದೆಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ನೇಮಿಸಿದ್ದೂ, ಹಣದ ವಿಷಯದಲ್ಲಿ ಚುನಾಯಿತ ಸಭೆಯ ಮಾತು ನಡೆಯಲಿ ಎಂಬ ಉದ್ದೇಶಕ್ಕೆ ಹೊಂದಿಕೊಂಡೇ ಇತ್ತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು.

ಹೀಗೆ ಬೇಕೆಂದಾಗ ಕೊಟ್ಟು ಬೇಡವೆಂದಾಗ ಕಿತ್ತುಕೊಳ್ಳುವುದಕ್ಕೆ ತಡೆ ಹಾಕಿದ್ದು ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂದ ಬೆನ್ನಲ್ಲೇ ಮೇ 10ರಿಂದ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಜಾರಿಯಾಯಿತು. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸುವುದು ಕಡ್ಡಾಯವಾಯಿತು. ಡಾ. ಜಿ. ತಿಮ್ಮಯ್ಯ ಅಧ್ಯಕ್ಷತೆಯ ಮೊದಲ ಆಯೋಗವು ರಾಜ್ಯದ ಸಾಲೇತರ ಸ್ವಂತ ರಾಜಸ್ವದಲ್ಲಿ, ಅಂದರೆ ಸಾಲ ಬಿಟ್ಟು ರಾಜ್ಯ ತಾನೇ ಗಳಿಸುವ ಆದಾಯದಲ್ಲಿ, ಶೇ. 36ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದಿತು. ಅಂಕಿ ದೊಡ್ಡದೇ. ಆದರೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಲೆಕ್ಕಕ್ಕೆ ಬರುವ ಹಣದಲ್ಲಿ ಶಿಕ್ಷಕರೂ ಸೇರಿದಂತೆ ನೌಕರರ ಸಂಬಳವೇ ಸಿಂಹಪಾಲು. ಸಭೆಯಲ್ಲಿ ಕೈಯೆತ್ತುವ ಸದಸ್ಯರಿಗೆ ಅದರಲ್ಲಿ ಬದಲಿಸಲು ಉಳಿಯುವುದು ಅತ್ಯಲ್ಪ.

ಗ್ರಾಮ ಪಂಚಾಯಿತಿಯ ಮಟ್ಟಿಗೆ ಮುಂದಿನ ದೊಡ್ಡ ಬದಲಾವಣೆ ತಂದದ್ದು ಕೇಂದ್ರದ 14ನೇ ಹಣಕಾಸು ಆಯೋಗ. 2015ರಿಂದ 2020ರವರೆಗೆ ದೇಶದ ಗ್ರಾಮ ಪಂಚಾಯಿತಿಗಳಿಗೆ ಅದು ಶಿಫಾರಸು ಮಾಡಿದ್ದು 2,00,292 ಕೋಟಿ ರೂಪಾಯಿ. ಜಿಲ್ಲೆಗೂ ತಾಲ್ಲೂಕಿಗೂ ಪಾಲು ಕೊಡದೆ ಇಡೀ ಮೊತ್ತವನ್ನು ಊರಿಗೇ ಕೊಟ್ಟಿತು. ನಂತರದ 15ನೇ ಆಯೋಗ ಮೂರೂ ಹಂತಗಳಿಗೆ ಹಂಚಿತು, ಮತ್ತು 2021–26ರ ಅವಧಿಗೆ ಶೇ. 60ರಷ್ಟನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೇ ಮೀಸಲಾದ ನಿರ್ಬಂಧಿತ ಅನುದಾನವಾಗಿಸಿತು.

ಹಾಗೆಂದರೇನೆಂದು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಒಂದು ಪಂಚಾಯಿತಿಗೆ ಆ ಬಾಬಿನಲ್ಲಿ 30 ಲಕ್ಷ ರೂಪಾಯಿ ಬಂದಿದೆ ಎಂದಿಟ್ಟುಕೊಂಡರೆ, 18 ಲಕ್ಷ ನೀರು, ನೈರ್ಮಲ್ಯಕ್ಕೆ ಹೋಗುತ್ತದೆ. ಉಳಿದ 12 ಲಕ್ಷವನ್ನು ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮುಟ್ಟುವಂತಿಲ್ಲ. ಹೀಗಾಗಿ ನೀರುಗಂಟಿಯ ಸಂಬಳ, ದಿಢೀರನೆ ಎದುರಾಗುವ ಸಣ್ಣಪುಟ್ಟ ಖರ್ಚುಗಳೆಲ್ಲ ಬಂದಾಗ ಪಂಚಾಯಿತಿ ಮತ್ತೆ ಮನೆ ಕಂದಾಯದ ಕಡೆಗೇ ನೋಡಬೇಕು. ಆ ಸ್ವಂತ ಸಂಪನ್ಮೂಲದಲ್ಲೂ ಶೇ. 25ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ. 5ರಷ್ಟನ್ನು ವಿಶೇಷಚೇತನರಿಗೆ ಎತ್ತಿಡಬೇಕು. ಇದು ಇರಬೇಕಾದ ನಿಯಮವೇ. ಕಾಗದದಲ್ಲಿ ಎತ್ತಿಟ್ಟ ಹಣ ನಿಜಕ್ಕೂ ಆ ಕೇರಿಗೆ, ಆ ಮನೆಗೆ ತಲುಪಿತೇ ಎಂದು ಕೇಳುವವರಿರಬೇಕು.

ಬಜೆಟ್ಟಿನ ಕೆಲಸ ಶುರುವಾಗಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿ ಬಂದ ಬೇಡಿಕೆಗಳು ಗ್ರಾಮ ಸಭೆಯಲ್ಲಿ ಆದ್ಯತೆಯ ಪಟ್ಟಿಯಾಗಿ, ಆಮೇಲೆ ಕ್ರಿಯಾ ಯೋಜನೆಯಾಗಿ, ಆರ್ಥಿಕ ವರ್ಷ ಶುರುವಾಗುವ ಮುನ್ನ ಸದಸ್ಯರ ಮುಂದೆ ಆಯವ್ಯಯವಾಗಿ ಬರುತ್ತವೆ. 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ಈ ದಾಖಲೆಗಳ ನಮೂನೆಯನ್ನು ನಿಗದಿಪಡಿಸಿವೆ. ಆಯವ್ಯಯ ಓದಲು ಕೂರುವವರು ಅದರ ಪಕ್ಕದಲ್ಲಿ ಇನ್ನೊಂದು ಕಾಗದವನ್ನೂ ಇಟ್ಟುಕೊಳ್ಳಬೇಕು: ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಲಮುಗಳ ಪಟ್ಟಿ, ಪಂಚಾಯಿತಿಯವರ ಬಾಯಲ್ಲಿ ‘ಡಿಸಿಬಿ’. ಅಂದಾಜು ಆದಾಯದಲ್ಲಿ ಪೂರ್ತಿ ಬೇಡಿಕೆಯನ್ನು ಬರೆದುಕೊಂಡು, ವಸೂಲಿ ಮಾತ್ರ ವರ್ಷವೂ ಅರ್ಧಕ್ಕೇ ನಿಲ್ಲುತ್ತಿದ್ದರೆ, ಖರ್ಚಿನ ಪಟ್ಟಿಯ ಕೊನೆಯಲ್ಲಿರುವ ಚರಂಡಿ ಈ ವರ್ಷವೂ ಆಗುವುದಿಲ್ಲವೆಂದು ಅಲ್ಲೇ ತಿಳಿಯುತ್ತದೆ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಅವುಗಳ ಬಜೆಟ್ಟಿಗೆ ಆಡಳಿತಾಧಿಕಾರಿಗಳೇ ಒಪ್ಪಿಗೆ ಕೊಡಬೇಕಾಗಿ ಬಂದದ್ದು 1992ರ ಪುನರಾವರ್ತನೆಯಂತಿದೆ, ಮತ್ತು ಇದು ಗಂಭೀರ ಲೋಪ. ಊರಿನವರಿಗೆ ಎಟುಕುವಂತೆ ಉಳಿದಿರುವುದು ಗ್ರಾಮ ಪಂಚಾಯಿತಿಯ ಲೆಕ್ಕ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ನಗದು ಪುಸ್ತಕ, ಓಚರು, ಕಾಮಗಾರಿ ಕಡತಗಳನ್ನು ಎಲ್ಲರೆದುರು ತೆರೆದಿಡಬೇಕು. ಬೇಕಾದರೆ ಕಾಮಗಾರಿ ನಡೆದ ಜಾಗಕ್ಕೇ ಹೋಗಿ, ಅಳತೆ ಪುಸ್ತಕದಲ್ಲಿ ಬರೆದಷ್ಟು ಮೀಟರ್ ಚರಂಡಿ ಅಲ್ಲಿದೆಯೇ ಎಂದು ಟೇಪು ಹಿಡಿದು ನೋಡಬಹುದು.