ಯುದ್ಧಕಾಲದ ಅತ್ಯಾಚಾರ: ವಿಶ್ವಸಂಸ್ಥೆಯ ಕೈ ಎಲ್ಲಿವರೆಗೆ ಚಾಚುತ್ತದೆ?

2010ರ ಜುಲೈ ಕೊನೆಯಲ್ಲಿ ಪೂರ್ವ ಕಾಂಗೋದ ಲುವುಂಗಿ ಮತ್ತು ಸುತ್ತಲಿನ ಹಳ್ಳಿಗಳಿಗೆ ಬಂಡುಕೋರರು ನುಗ್ಗಿದರು. ನಾಲ್ಕು ದಿನಗಳಲ್ಲಿ 300ಕ್ಕೂ ಹೆಚ್ಚು ಜನರ ಮೇಲೆ ಅತ್ಯಾಚಾರವಾಯಿತು. ಸುಮಾರು 30 ಕಿಲೋಮೀಟರ್ ದೂರದಲ್ಲೇ ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರವಿತ್ತು. ನಾಗರಿಕರನ್ನು ಕಾಪಾಡುವುದು ಆ ಪಡೆಗೆ ಭದ್ರತಾ ಮಂಡಳಿಯೇ ವಹಿಸಿದ್ದ ಕೆಲಸ. ನಾವು ಮಾಡಿದ್ದು ಸಾಲಲಿಲ್ಲ ಎಂದು ಶಾಂತಿಪಾಲನಾ ವಿಭಾಗದ ಹಿರಿಯ ಅಧಿಕಾರಿ ಅತುಲ್ ಖರೆ ಸೆಪ್ಟೆಂಬರ್‌ನಲ್ಲಿ ಮಂಡಳಿಯ ಮುಂದೆ ಒಪ್ಪಿಕೊಂಡರು.

ಹಾಗಂತ ನಿಯಮಗಳಿಗೇನೂ ಬರ ಇರಲಿಲ್ಲ. ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆಗೆಂದು ಆದ 1949ರ ಜಿನೀವಾ ಒಪ್ಪಂದವೇ ಅತ್ಯಾಚಾರ ಕೂಡದು ಎಂದಿತ್ತು. ಆದರೆ ಅದನ್ನು ಹೆಣ್ಣಿನ 'ಮಾನ'ದ ಮೇಲಿನ ದಾಳಿ ಎಂದು ಕರೆದಿತ್ತು. ಪೆಟ್ಟು ಬಿದ್ದದ್ದು ಮೈಗೆ, ಲೆಕ್ಕಕ್ಕೆ ಬಂದದ್ದು ಮಾನ! ಅತಿ ಗಂಭೀರ ಉಲ್ಲಂಘನೆಗಳ ಪಟ್ಟಿಯಲ್ಲಿ ಅತ್ಯಾಚಾರದ ಹೆಸರೇ ಇರಲಿಲ್ಲ.

1994ರ ರುವಾಂಡಾ ನರಮೇಧದ ಬಗ್ಗೆ ವಿಶ್ವಸಂಸ್ಥೆಯ ನ್ಯಾಯಮಂಡಳಿ ನಡೆಸಿದ ವಿಚಾರಣೆಯಲ್ಲೂ ಅತ್ಯಾಚಾರದ ಆರೋಪ ತಪ್ಪಿಹೋಗುವುದರಲ್ಲಿತ್ತು. ಅಲ್ಲಿನ ಟಾಬಾ ಎಂಬ ಊರಿನ ಮೇಯರ್ ಅಕಾಯೇಸು ಮೇಲಿನ ಮೊದಲ ದೋಷಾರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇಲ್ಲ. ಸಾಕ್ಷಿ ಹೇಳಲು ಬಂದ ಹೆಂಗಸರು ಬಾಯಿಬಿಟ್ಟರು. ಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಾಧೀಶೆ ನವನೀತಂ ಪಿಳ್ಳೈ. 1997ರಲ್ಲಿ ಆರೋಪ ಸೇರಿತು. ಮರುವರ್ಷ ಬಂದ ತೀರ್ಪು, ಅತ್ಯಾಚಾರವೂ ನರಮೇಧದ ಸಾಧನವಾಗಬಲ್ಲದು ಎಂದಿತು.

ಆಮೇಲೆ ಭದ್ರತಾ ಮಂಡಳಿಯ ನಿರ್ಣಯಗಳ ಸಾಲೇ ಬಂತು. 2008ರ ನಿರ್ಣಯ 1820, ಯುದ್ಧದ ತಂತ್ರವಾಗಿ ನಡೆಯುವ ಲೈಂಗಿಕ ದೌರ್ಜನ್ಯವನ್ನು ಭದ್ರತೆಯ ಪ್ರಶ್ನೆಯನ್ನಾಗಿಸಿತು. 2009ರಲ್ಲಿ ಇದಕ್ಕೆಂದೇ ವಿಶೇಷ ಪ್ರತಿನಿಧಿಯ ಹುದ್ದೆ, 2010ರಲ್ಲಿ ಶಂಕಿತ ಪಡೆಗಳ ಹೆಸರು ಬರೆಯುವ ಪಟ್ಟಿ. ಆದರೆ ಪಟ್ಟಿಗೆ ಹೆಸರು ಬರಬೇಕಾದರೆ ಆ ಸಂಘರ್ಷ ಮಂಡಳಿಯ ಕಾರ್ಯಸೂಚಿಯಲ್ಲಿರಬೇಕು. ಮತ್ತೆ ಮತ್ತೆ ಪಟ್ಟಿಗೆ ಬರುವ ಸರ್ಕಾರಿ ಸೇನೆಗೆ ಶಾಂತಿಪಾಲನೆಯಲ್ಲಿ ಜಾಗವಿಲ್ಲ, ನಿಜ. ಕಾಡಿನಲ್ಲಿರುವ ಬಂಡುಕೋರನಿಗೆ ಅದರಿಂದ ಏನಾಗಬೇಕು?

ಇನ್ನು ವೀಟೊ, ಅಂದರೆ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳಲ್ಲಿ ಒಂದು ಬೇಡವೆಂದರೂ ನಿರ್ಣಯ ಬಿದ್ದುಹೋಗುವ ಅಧಿಕಾರ. 2014ರಲ್ಲಿ ಸಿರಿಯಾದ ವಿಷಯವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ಪ್ರಸ್ತಾವವನ್ನು ರಷ್ಯಾ, ಚೀನಾ ತಡೆದವು. 2019ರ ನಿರ್ಣಯ 2467ರ ಕರಡಿನಲ್ಲಿ ಸಂತ್ರಸ್ತರ ಲೈಂಗಿಕ ಹಾಗೂ ಸಂತಾನೋತ್ಪತ್ತಿ ಆರೋಗ್ಯದ ಮಾತಿತ್ತು. ಅಮೆರಿಕ ವೀಟೊ ಬೆದರಿಕೆ ಹಾಕಿತು. ಆ ಮಾತು ಹೋಯಿತು, ನಿರ್ಣಯ ಪಾಸಾಯಿತು. ಅತ್ಯಾಚಾರಕ್ಕೊಳಗಾದವಳಿಗೆ ಮೊದಲು ಬೇಕಾದದ್ದೇ ಆ ಚಿಕಿತ್ಸೆ, ಅಲ್ವಾ?

2023ರ ಬಗ್ಗೆ ವಿಶ್ವಸಂಸ್ಥೆ ಕೊಟ್ಟ ಲೆಕ್ಕ 3,688 ಪ್ರಕರಣ. ಇವು ಖಚಿತಪಡಿಸಿಕೊಂಡವು ಮಾತ್ರ. ಖಚಿತಪಡಿಸಲು ಅಲ್ಲಿ ಜನ ಇರಬೇಕು. ಆತಿಥೇಯ ಸರ್ಕಾರ ಬೇಡವೆಂದರೆ ಅವರು ಹೊರಡಬೇಕು. ಮಾಲಿ ಅದೇ ವರ್ಷ ಶಾಂತಿಪಾಲನಾ ಪಡೆಯನ್ನು ಹೊರಕಳಿಸಿತು. ಸುಡಾನ್‌ನಲ್ಲಿ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿತ್ತು. ಎಂಟು ತಿಂಗಳು ತುಂಬುವ ಮೊದಲೇ ಅಲ್ಲಿನ ಸರ್ಕಾರ ಕೇಳಿತು, ಮಂಡಳಿ ವಿಶ್ವಸಂಸ್ಥೆಯ ನಿಯೋಗವನ್ನು ಮುಚ್ಚಿತು.