"ಯಾರೂ ಬರಲಿಲ್ಲ" ಅಂದಾಗ ಆ "ಯಾರೂ" ಅನ್ನೋರು ಯಾರು?

ಓದುಗರ ಪ್ರಶ್ನೆ: ಲ್ಯಾಂಬ್ಡಾ ಕ್ಯಾಲ್ಕುಲಸ್, ಟೈಪ್ ಥಿಯರಿ ಎಲ್ಲ ಪ್ರೋಗ್ರಾಮಿಂಗ್‌ನವರ ಸಾಮಾನು ಅಲ್ವಾ? ಭಾಷಾಶಾಸ್ತ್ರದವರು, ಫಿಲಾಸಫಿಯವರು ಅದನ್ನು ಯಾಕೆ ಹಿಡಿದುಕೊಂಡು ಕೂತಿದ್ದಾರೆ?

ಪ್ರೋಗ್ರಾಮಿಂಗ್ ಅನ್ನೋದು ಹುಟ್ಟುವ ಮೊದಲೇ ಇವೆರಡೂ ಇದ್ದವು. ಅದಿರಲಿ, ಮೊದಲು ಕೆಲಸ ನೋಡೋಣ, ಚರಿತ್ರೆ ಆಮೇಲೆ.

"ರವಿ ಬಂದ" ಅನ್ನೋ ವಾಕ್ಯ ತೆಗೆದುಕೊಳ್ಳಿ. ಅದರಿಂದ ರವಿಯನ್ನು ಕಿತ್ತುಹಾಕಿ. ಉಳಿಯುವುದು "___ ಬಂದ". ಹೆಸರಿನ ಜಾಗ ಖಾಲಿ ಬಿಟ್ಟ ಅರ್ಜಿ ಫಾರಂ ಇದ್ದ ಹಾಗೆ. ಆ ಖಾಲಿ ಜಾಗಕ್ಕೆ ಒಂದು ಗುರುತು ಹಾಕುವುದೇ ಲ್ಯಾಂಬ್ಡಾ ಅನ್ನೋ ಗ್ರೀಕ್ ಅಕ್ಷರದ ಕೆಲಸ: "ಲ್ಯಾಂಬ್ಡಾ ಕ: ಕ ಬಂದ". ಕ ಇರುವ ಕಡೆ ರವಿಯನ್ನು ಇಟ್ಟರೆ "ರವಿ ಬಂದ", ಗೀತಾಳನ್ನು ಇಟ್ಟರೆ ಅವಳ ಬಗ್ಗೆ ವಾಕ್ಯ (ಲಿಂಗ ಬದಲಾಯಿಸುವುದು ವ್ಯಾಕರಣದ ಕೆಲಸ, ಅದನ್ನು ಸದ್ಯಕ್ಕೆ ಬಿಡಿ). ಇಷ್ಟೇ. ಇದಕ್ಕೆ ಕ್ಯಾಲ್ಕುಲಸ್ ಅಂತ ಹೆಸರಿಟ್ಟು ಅರ್ಧ ಜನರನ್ನು ಸುಮ್ನೆ ಹೆದರಿಸಿದ್ದಾರೆ.

ಟೈಪ್ ಅಂದರೆ ಯಾವ ಖಾಲಿ ಜಾಗಕ್ಕೆ ಎಂಥದ್ದು ಹಿಡಿಸುತ್ತದೆ ಅನ್ನೋ ಲೆಕ್ಕ. ರವಿ "ವ್ಯಕ್ತಿ" ಟೈಪು. ಪೂರ್ತಿ ವಾಕ್ಯ "ನಿಜ-ಸುಳ್ಳು" ಟೈಪು. "ಬಂದ" ಅನ್ನೋದು ವ್ಯಕ್ತಿಯನ್ನು ತೆಗೆದುಕೊಂಡು ನಿಜ-ಸುಳ್ಳನ್ನು ವಾಪಸ್ ಕೊಡುವ ಯಂತ್ರ. "ತಿಂದ" ಅನ್ನೋದಕ್ಕೆ ಎರಡು ಜಾಗ, ಆದರೆ ಎರಡನ್ನೂ ಒಟ್ಟಿಗೆ ತುಂಬಬೇಕಿಲ್ಲ. "ರವಿ ಹಣ್ಣು ತಿಂದ" ಅನ್ನುವಾಗ ಪಕ್ಕದಲ್ಲೇ ಇರುವ ಹಣ್ಣನ್ನು ಮೊದಲು ತೆಗೆದುಕೊಂಡು "ಹಣ್ಣು ತಿಂದ" ಆಗುತ್ತದೆ, ಅದು ಆಮೇಲೆ ರವಿಗಾಗಿ ಕಾಯುತ್ತದೆ.

ಇಲ್ಲಿವರೆಗೆ ಸುಲಭ. ಈಗ "ಎಲ್ಲರೂ ಬಂದರು" ಅಂತ ಹೇಳಿ ನೋಡಿ. "ಎಲ್ಲರೂ" ಅಂತ ಒಬ್ಬ ಮನುಷ್ಯ ಇಲ್ಲ. ವ್ಯಕ್ತಿಯ ಜಾಗದಲ್ಲಿ ಅದನ್ನು ತುರುಕಲು ಬರುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ: ಯಾರು ಯಾರನ್ನು ನುಂಗಬೇಕು ಅನ್ನೋದನ್ನೇ ತಿರುಗಿಸಿಬಿಡುವುದು. ಇಲ್ಲಿ "ಬಂದರು" ಅನ್ನೋದು "ಎಲ್ಲರೂ" ಅನ್ನೋದನ್ನು ನುಂಗುವುದಿಲ್ಲ. "ಎಲ್ಲರೂ" ಅನ್ನೋದೇ ಕ್ರಿಯಾಪದವನ್ನು ನುಂಗಿ, "ಈ ಮಾತು ಪ್ರತಿಯೊಬ್ಬರಿಗೂ ಅನ್ವಯಿಸುತ್ತಾ?" ಅಂತ ಕೇಳಿ, ನಿಜ ಅಥವಾ ಸುಳ್ಳು ಅನ್ನುತ್ತದೆ. ಅಂದರೆ ಯಂತ್ರವನ್ನೇ ತಿನ್ನುವ ಇನ್ನೊಂದು ಯಂತ್ರ. ಮೂಲ ಯೋಚನೆ 19ನೇ ಶತಮಾನದ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೆಗೆಯದ್ದು. ಮಾತಾಡುವ ಭಾಷೆಗೆ ಅದನ್ನು ಪದ ಪದವಾಗಿ ಜೋಡಿಸಿ ತೋರಿಸಿದವನು ಅಮೆರಿಕದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ. ತರ್ಕಶಾಸ್ತ್ರದವರ ಕೃತಕ ಭಾಷೆಗೂ ಜನರ ಭಾಷೆಗೂ ತಾತ್ವಿಕವಾಗಿ ದೊಡ್ಡ ವ್ಯತ್ಯಾಸವೇ ಇಲ್ಲ ಅಂತ 1970ರಲ್ಲಿ ಹೇಳಿದವನು ಅವನು. ಮರುವರ್ಷವೇ ಲಾಸ್ ಏಂಜಲೀಸ್‌ನ ತನ್ನ ಮನೆಯಲ್ಲಿ ಕೊಲೆಯಾದ, ಆಗ ವಯಸ್ಸು 40. ಅವನ ಮುಖ್ಯ ಪ್ರಬಂಧ ಅಚ್ಚಾಗಿದ್ದು 1973ರಲ್ಲಿ. ಭಾಷಾಶಾಸ್ತ್ರದವರಿಗೆ ಅದನ್ನು ಅರ್ಥ ಮಾಡಿಸಿ ಒಪ್ಪಿಸಿದ್ದು ಭಾಷಾಶಾಸ್ತ್ರಜ್ಞೆ ಬಾರ್ಬರಾ ಪಾರ್ಟೀ.

ಈಗ ತಲೆಬರಹದ "ಯಾರೂ". ಇಂಗ್ಲಿಷಿನ "ನೋಬಡಿ" ತನ್ನ ಹೊಟ್ಟೆಯಲ್ಲೇ "ಇಲ್ಲ" ಇಟ್ಟುಕೊಂಡಿದೆ. ನಮ್ಮ "ಯಾರೂ" ಹಾಗಲ್ಲ. "ಯಾರೂ ಬಂದರು" ಅಂದರೆ ಕನ್ನಡವೇ ಅಲ್ಲ, ಕೊನೆಯಲ್ಲಿ "ಇಲ್ಲ", "ಬೇಡ" ಥರದ್ದೊಂದು ಬರಲೇಬೇಕು. ಅಂದರೆ ನಿಷೇಧ ಕೂತಿರುವುದು ಕ್ರಿಯಾಪದದಲ್ಲಿ. ಹಾಗಾದರೆ "ಯಾರೂ" ಅಂದರೆ ಏನು? ಪ್ರಶ್ನೆಯ "ಯಾರು", ಅದಕ್ಕೊಂದು "ಊ". "ರವಿಯೂ ಬಂದ", "ಮೂವರೂ ಬಂದರು", "ಎಲ್ಲರೂ ಬಂದರು" ಇವುಗಳಲ್ಲಿ ಬರುವ ಅದೇ "ಊ". ಅದೇ "ಯಾರು"ಗೆ "ಓ" ಸೇರಿಸಿದರೆ "ಯಾರೋ ಬಂದರು", "ಆದರೂ" ಸೇರಿಸಿದರೆ "ಯಾರಾದರೂ ಬರಲಿ". ಇಂಗ್ಲಿಷಿಗೆ ಮಾಡಿಟ್ಟ ಲೆಕ್ಕವನ್ನು ಹಾಗೇ ಎತ್ತಿ ಇಲ್ಲಿಗೆ ತಂದರೆ ಕೆಲಸ ನಡೆಯುವುದಿಲ್ಲ. ಆ ಪುಟ್ಟ "ಊ"ಗೇ ಒಂದು ಟೈಪು ಕೊಡಬೇಕು, ಈ ಎಲ್ಲ ಕಡೆಯೂ ಅದು ಹೊಂದಬೇಕು. ಕೂತು ಪ್ರಯತ್ನಿಸಿ, ಒಂದು ಸಂಜೆ ಆರಾಮಾಗಿ ಹೋಗುತ್ತದೆ.

ಇನ್ನೊಂದು ಉಪಯೋಗ ಜಗಳದ ಹೊತ್ತಿನದು. ನಮ್ಮ ಟ್ರಿಪ್‌ಗೆ ದುಡ್ಡು ಸೇರಿಸುತ್ತಿದ್ದ ಗೆಳೆಯ ಗ್ರೂಪಿನಲ್ಲಿ "ಎಲ್ಲರೂ ಕೊಟ್ಟಿಲ್ಲ" ಅಂತ ಹಾಕಿದ. ಹಿಂದಿನ ದಿನವೇ ಕೊಟ್ಟಿದ್ದ ಇನ್ನೊಬ್ಬ ಉರಿದುಬಿದ್ದ, ನಾನು ಕೊಟ್ಟಿದ್ದು ಎಲ್ಲಿ ಹೋಯಿತು ಅಂತ. ತಪ್ಪು ಯಾರದ್ದೂ ಅಲ್ಲ. "ಎಲ್ಲರೂ" ಮೊದಲು "ಕೊಟ್ಟ" ಅನ್ನೋದನ್ನು ನುಂಗಿ, ಬಂದ ಫಲಿತಾಂಶಕ್ಕೆ "ಇಲ್ಲ" ಹಚ್ಚಿದರೆ "ಕೆಲವರು ಕೊಟ್ಟಿದ್ದಾರೆ, ಕೆಲವರು ಬಾಕಿ" ಅಂತಾಗಬಹುದು. "ಕೊಟ್ಟಿಲ್ಲ" ಅನ್ನೋದನ್ನೇ ಮೊದಲು ಮಾಡಿಕೊಂಡು ಅದನ್ನು "ಎಲ್ಲರೂ" ನುಂಗಿದರೆ "ಒಬ್ಬರೂ ಕೊಟ್ಟಿಲ್ಲ". ಪದಗಳು ಅವೇ, ನುಂಗಿದ ಸರದಿ ಬೇರೆ.

ಇದು ಬರೀ ಕಾಗದದ ಮೇಲಿನ ಆಟ ಅಲ್ಲ. "ಎರಡು ಪುಸ್ತಕ ಓದಲಿಲ್ಲ" ಅನ್ನೋ ಥರದ ವಾಕ್ಯಗಳನ್ನು (ಓದದೆ ಉಳಿದದ್ದು ಎರಡೋ, ಓದಿದ್ದು ಎರಡಾಗಲಿಲ್ಲವೋ) ಕನ್ನಡ ಮಾತಾಡುವ ನಾಲ್ಕು ವರ್ಷದ ಮಕ್ಕಳು ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಭಾಷಾ ಸಂಶೋಧಕರಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. ಕನ್ನಡವೇ ಯಾಕೆ? ಇಂಗ್ಲಿಷಿನಲ್ಲಿ ನಿಷೇಧ "ಎರಡು ಪುಸ್ತಕ"ಕ್ಕಿಂತ ಮುಂಚೆ ಬರುತ್ತದೆ, ವಾಕ್ಯದ ರಚನೆಯಲ್ಲೂ ಅದೇ ಮೇಲೆ ಇರುತ್ತದೆ (ಅಂದರೆ "ಎರಡು ಪುಸ್ತಕ ಓದು" ಅನ್ನೋದೆಲ್ಲ ಕೂಡಿದ ಮೇಲೆ ಅದು ಹಚ್ಚಿಕೊಳ್ಳುತ್ತದೆ), ಹಾಗಾಗಿ ಮಕ್ಕಳು ಯಾವುದನ್ನು ಹಿಡಿದು ನಡೆಯುತ್ತಾರೆ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಕನ್ನಡದಲ್ಲಿ "ಇಲ್ಲ" ಕಿವಿಗೆ ಬೀಳುವುದು ಕೊನೆಗೆ, ರಚನೆಯಲ್ಲಿ ಇರುವುದು ಮೇಲೆ. ಮಕ್ಕಳು ಕಿವಿಗೆ ಬಿದ್ದ ಸರದಿಯನ್ನು ಬಿಟ್ಟು ರಚನೆಯ ಜೊತೆ ಹೋದರು.

ಫಿಲಾಸಫಿಯವರ ಪಾಲು ಏನು? ಟೈಪ್ ಹುಟ್ಟಿದ್ದೇ ಅವರ ಮನೆಯಲ್ಲಿ. ತನ್ನೊಳಗೆ ತಾನು ಇರದ ಗುಂಪುಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿದರೆ, ಅದು ತನ್ನೊಳಗೆ ಇದೆಯೋ ಇಲ್ಲವೋ? ಇದೆ ಅಂದರೆ ಇಲ್ಲ, ಇಲ್ಲ ಅಂದರೆ ಇದೆ. ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1902ರಲ್ಲಿ ಇದನ್ನು ಫ್ರೆಗೆಗೆ ಪತ್ರದಲ್ಲಿ ಬರೆದು ಅವನ ನಿದ್ದೆ ಕೆಡಿಸಿದ. 1908ರಲ್ಲಿ ರಸೆಲ್ ಮುಂದಿಟ್ಟ ಪರಿಹಾರವೇ ಟೈಪು: ಯಂತ್ರ ತನ್ನನ್ನೇ ತಾನು ನುಂಗುವ ಹಾಗಿಲ್ಲ. ಅಮೆರಿಕದ ಗಣಿತಜ್ಞ ಅಲೊಂಜೊ ಚರ್ಚ್ 1930ರ ದಶಕದ ಮೊದಲಲ್ಲಿ ಲ್ಯಾಂಬ್ಡಾ ತಂದಾಗ ಈ ಕಟ್ಟುಪಾಡು ಇರಲಿಲ್ಲ. ಅವನ ಮೊದಲ ತರ್ಕ ವ್ಯವಸ್ಥೆಯಲ್ಲಿ ವಿರೋಧಾಭಾಸ ಇದೆ ಅಂತ 1935ರಲ್ಲಿ ತೋರಿಸಿದವರು ಅವನದೇ ಶಿಷ್ಯರು, ಕ್ಲೀನಿ ಮತ್ತು ರಾಸರ್. 1940ರಲ್ಲಿ ಚರ್ಚ್ ಟೈಪುಗಳನ್ನೂ ಲ್ಯಾಂಬ್ಡಾವನ್ನೂ ಒಂದುಗೂಡಿಸಿದ. ಮಾಂಟೆಗ್ಯೂ ಕಟ್ಟಿದ್ದು ಅದರ ಮೇಲೆ.

ಇಲ್ಲದ ವಸ್ತುವಿನ ಬಗ್ಗೆ ಮಾತಾಡುವುದು ಹೇಗೆ ಅನ್ನೋದು ಫಿಲಾಸಫಿಯ ಹಳೇ ಜಗಳ. "ರವಿ ಮನೆ ಹುಡುಕುತ್ತಿದ್ದಾನೆ" ಅಂದರೆ ಬಾಡಿಗೆಗೆ ಯಾವುದಾದರೂ ಸರಿ, ಅವನಿಗೆ ಬೇಕಾದಂಥದ್ದು ಊರಲ್ಲೇ ಇಲ್ಲದೆ ಇರಬಹುದು. "ರವಿ ಮನೆಯನ್ನು ಹುಡುಕುತ್ತಿದ್ದಾನೆ" ಅಂದ ತಕ್ಷಣ ಒಂದು ನಿರ್ದಿಷ್ಟ ಮನೆ ಕಣ್ಣಿಗೆ ಬರುತ್ತದೆ, ಪಾಪ ವಿಳಾಸ ತಪ್ಪಿಸಿಕೊಂಡಿದ್ದಾನೆ. ಮಾಂಟೆಗ್ಯೂ ಇದಕ್ಕೆ ಹೇಳಿದ್ದು "ಹುಡುಕು" ಅನ್ನೋದರ ಖಾಲಿ ಜಾಗ ವಸ್ತುವಿಗೆ ಮೀಸಲಾಗಿಲ್ಲ, "ಎಲ್ಲರೂ" ಥರದ ಯಂತ್ರವೂ ಅಲ್ಲಿ ಕೂರಬಹುದು ಅಂತ. "ತಿಂದ" ಜೊತೆ ಈ ಆಟ ನಡೆಯಲ್ಲ, ಇಲ್ಲದ ಹಣ್ಣನ್ನು ತಿನ್ನಲಿಕ್ಕಾಗಲ್ಲ.

ಒಂದು ಮಾತು, ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಪದಗಳು ಹೇಗೆ ಕೂಡುತ್ತವೆ ಅಂತ ಲ್ಯಾಂಬ್ಡಾ ಹೇಳುತ್ತದೆ, "ಬಂದ" ಅಂದರೆ ಏನು ಅಂತ ಹೇಳುವುದಿಲ್ಲ. ರವಿ ಬಂದ, ಮಳೆ ಬಂತು, ಜ್ವರ ಬಂತು, ಸಂಬಳ ಬಂತು. ಅವನಿಗೆ ಕನ್ನಡ ಬರುತ್ತೆ. ಆ ಕೊನೆಯದಕ್ಕೆ ಎಷ್ಟು ಖಾಲಿ ಜಾಗ, "ಅವನಿಗೆ" ಯಾವುದರಲ್ಲಿ ಕೂರಬೇಕು, ಅದು ಮೊದಲಿನ "ಬಂದ"ನೇ ಹೌದಾ ಅಂತ ಕೇಳಿದರೆ ನನ್ನ ಹತ್ತಿರ ಮೂರು ಉತ್ತರ ಇವೆ, ಮೂರೂ ಒಂದಕ್ಕೊಂದು ಹೊಂದುವುದಿಲ್ಲ.